ಅನುಮತಿ ಕೇಳದ ಬದುಕು

ಪ್ರತಿವರ್ಷ ಆಗಸ್ಟ್ 15ರಂದು ನಾಡಿನ ಶಾಲೆಗಳಲ್ಲೆಲ್ಲ ಧ್ವಜಾರೋಹಣ ನಡೆಯುತ್ತದೆ. ಪ್ರಭಾತಫೇರಿ, ರಾಷ್ಟ್ರಗೀತೆ, ಅಧ್ಯಕ್ಷರ ಭಾಷಣ, ಮಕ್ಕಳ ಕವಾಯತು, ಕೊನೆಗೆ ಸಿಹಿ ಹಂಚಿಕೆ, ಇವೆಲ್ಲ ಕ್ರಮ ತಪ್ಪದೆ ಜರುಗುತ್ತವೆ. ಪ್ರೌಢಶಾಲೆಯ ವಿದ್ಯಾರ್ಥಿಯನ್ನು ಕೇಳಿದರೆ 1857, 1919, 1930, 1942, 1947 ಎಂಬ ಇಸವಿಗಳನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲನು. ಆದರೆ ಸ್ವಾತಂತ್ರ್ಯ ಬರುವುದಕ್ಕೆ ಮುಂಚೆ ತನ್ನ ಊರಿನ ಸಾಮಾನ್ಯ ಮನುಷ್ಯನೊಬ್ಬನಿಗೆ ಏನೇನು ಮಾಡಲು ಸಾಧ್ಯವಿರಲಿಲ್ಲ ಎಂದು ಪ್ರಶ್ನಿಸಿದರೆ ಅವನು ಮೌನ ತಾಳುತ್ತಾನೆ. ಇದು ಅವನ ತಪ್ಪಲ್ಲ. ಅವನಿಗೆ ಕಲಿಸಲಾದ ಸ್ವಾತಂತ್ರ್ಯವು ಯುದ್ಧದ ಗೆಲವಿನಂತೆ ಒಂದು ದಿನ ಬಂದಿಳಿದ ಮಹಾಘಟನೆ. ದಿನದಿನದ ಬದುಕಿನಲ್ಲಿ ಅದು ಯಾವ ರೂಪದಲ್ಲಿ ಇದೆ ಎಂಬುದನ್ನು ಪಠ್ಯಪುಸ್ತಕವೂ ಹೇಳುವುದಿಲ್ಲ, ಭಾಷಣವೂ ಹೇಳುವುದಿಲ್ಲ.

ಅದನ್ನು ತಿಳಿಯಬಯಸುವವರು ದೂರ ಹೋಗಬೇಕಾಗಿಲ್ಲ. ಬೀದರ, ಗುಲ್ಬರ್ಗಾ, ರಾಯಚೂರು ಎಂಬ ಅಂದಿನ ಮೂರು ಜಿಲ್ಲೆಗಳ ಪಾಲಿಗೆ 1947ರ ಆಗಸ್ಟ್ 15 ಸ್ವಾತಂತ್ರ್ಯದ ದಿನವಾಗಿರಲೇ ಇಲ್ಲ. ಹೈದರಾಬಾದಿನ ನಿಜಾಮರು ಭಾರತ ಒಕ್ಕೂಟವನ್ನು ಸೇರಲು ಒಪ್ಪದೆ ಹೋದುದರಿಂದ, ನೆರೆಯ ವಿಜಾಪುರ ಧಾರವಾಡಗಳಲ್ಲಿ ತ್ರಿವರ್ಣ ಧ್ವಜವು ಸರಕಾರದ ಗೌರವದೊಡನೆ ಹಾರಾಡುತ್ತಿದ್ದ ಅದೇ ಬೆಳಗಿನಲ್ಲಿ, ಗಡಿಯಿಂದ ಈಚೆ ಅದೇ ಬಟ್ಟೆಯನ್ನು ಕೋಲಿಗೆ ಕಟ್ಟಿದವರು ಸೆರೆಮನೆಯ ಹಾದಿ ಹಿಡಿಯಬೇಕಾಯಿತು. ಮೈಸೂರು ಸಂಸ್ಥಾನದಲ್ಲಿಯೂ ‘ಮೈಸೂರು ಚಲೋ’ ಚಳವಳಿ ನಡೆದು, 1947ರ ಅಕ್ಟೋಬರಿನಲ್ಲಿ ಕೆ. ಸಿ. ರೆಡ್ಡಿಯವರ ಮಂತ್ರಿಮಂಡಲ ಬರುವವರೆಗೆ ಜವಾಬ್ದಾರಿ ಸರಕಾರವೆಂಬುದು ಇರಲಿಲ್ಲ. ಆದರೆ ಹೈದರಾಬಾದ್ ಸಂಸ್ಥಾನದ ಕನ್ನಡಿಗರು ಕಾಯಬೇಕಾದ ಅವಧಿ ಹದಿಮೂರು ತಿಂಗಳು. ಒಂದೇ ನಾಡು, ಒಂದೇ ನುಡಿ, ನಡುವೆ ಒಂದು ಕರೋಡಗಿರಿ ನಾಕೆ; ಅದರ ಆಚೆ ನಾಗರಿಕ, ಈಚೆ ಪ್ರಜೆ.

ಈ ಭೇದವು ಧ್ವಜಕ್ಕೆ ಮಾತ್ರ ಸಂಬಂಧಿಸಿದ್ದಲ್ಲ. ಸಂಸ್ಥಾನದಲ್ಲಿ ಗಸ್ತಿ ನಿಶಾನ್ 53 ಎಂಬ ಸುತ್ತೋಲೆಯೊಂದು ಜಾರಿಯಲ್ಲಿತ್ತು. ಸಾರ್ವಜನಿಕ ಸಭೆ ಸೇರಬೇಕಾದರೆ ಮುಂಚಿತವಾಗಿ ಅಧಿಕಾರಿಗಳ ಅಪ್ಪಣೆ ಬೇಕೆಂಬುದು ಅದರ ಸಾರಾಂಶ. ಖಾಸಗಿ ಶಾಲೆ ತೆರೆಯುವುದಕ್ಕೂ ಅಪ್ಪಣೆ ಬೇಕಾಗಿತ್ತು. 1938ರಲ್ಲಿ ಸಂಸ್ಥಾನದ ಸ್ಟೇಟ್ ಕಾಂಗ್ರೆಸ್ಸು ವಿಧ್ಯುಕ್ತವಾಗಿ ಹುಟ್ಟುವುದಕ್ಕೆ ಮುಂಚೆಯೇ ಅದರ ಮೇಲೆ ನಿಷೇಧ ಬಿದ್ದಿತು. ಹುಟ್ಟದ ಕೂಸಿಗೆ ಶಿಕ್ಷೆ ವಿಧಿಸಿದ ಇಂಥ ಉದಾಹರಣೆ ವಿರಳ. ಅದೇ ವರ್ಷ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಸತಿಗೃಹಗಳಲ್ಲಿ ‘ವಂದೇ ಮಾತರಂ’ ಹಾಡಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಅವರಲ್ಲಿ ಅನೇಕರು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದರು. ಮುಂದೆ ಭಾರತದ ಪ್ರಧಾನಿಯಾದ ಪಿ. ವಿ. ನರಸಿಂಹರಾಯರು ಅವರಲ್ಲೊಬ್ಬರು.

ಈ ಸಂಗತಿಗಳನ್ನು ಒಟ್ಟಿಗೆ ಇಟ್ಟು ನೋಡಿದಾಗ ಪಾರತಂತ್ರ್ಯದ ನಿಜವಾದ ಮುಖ ಕಾಣಿಸುತ್ತದೆ. ಅದು ಯಾವಾಗಲೂ ಚಾಟಿ ಏಟಿನ ರೂಪದಲ್ಲಿ ಬರುವುದಿಲ್ಲ. ಹೆಚ್ಚಿನಂಶ ಅದು ಅರ್ಜಿಯ ರೂಪದಲ್ಲಿರುತ್ತದೆ. ಸಭೆಗೆ ಅರ್ಜಿ, ಶಾಲೆಗೆ ಅರ್ಜಿ, ಪತ್ರಿಕೆಗೆ ಅರ್ಜಿ. ಅರ್ಜಿ ಕೊಟ್ಟು ಕೊಟ್ಟು ಅಭ್ಯಾಸವಾದ ಮನುಷ್ಯನಿಗೆ ತಾನು ಬಂಧನದಲ್ಲಿದ್ದೇನೆ ಎಂಬ ಅರಿವು ಕೂಡ ಕ್ರಮೇಣ ಮಾಸಿಹೋಗುತ್ತದೆ.

ಆ ಕಾಲದಲ್ಲಿ ಶಿಕ್ಷಣದ ಸ್ಥಿತಿ ಹೇಗಿತ್ತೆಂಬುದನ್ನು ಇಂದಿನ ಶಿಕ್ಷಕರು ವಿಶೇಷವಾಗಿ ಗಮನಿಸಬೇಕು. 1918ರಲ್ಲಿ ಸ್ಥಾಪನೆಯಾದ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಬೋಧನಾ ಮಾಧ್ಯಮ ಉರ್ದು. ಭಾರತೀಯ ಭಾಷೆಯೊಂದರಲ್ಲಿ ಉನ್ನತ ಶಿಕ್ಷಣ ಕೊಡುವ ಆ ಪ್ರಯತ್ನ ಸ್ವತಃ ಸ್ತುತ್ಯವೇ ಆಗಿತ್ತು. ಆದರೆ ಸಂಸ್ಥಾನದ ಬಹುಸಂಖ್ಯಾತ ಜನರು ಆಡುತ್ತಿದ್ದುದು ತೆಲುಗು, ಮರಾಠಿ, ಕನ್ನಡಗಳನ್ನು. ಮಾಧ್ಯಮಿಕ ಹಂತದಿಂದ ಮೇಲಕ್ಕೆ ಓದಬೇಕೆಂದರೂ, ಸರಕಾರಿ ಚಾಕರಿ ಹಿಡಿಯಬೇಕೆಂದರೂ ಉರ್ದುವೇ ದಾರಿ. ಮನೆಯಲ್ಲಿ ಕೇಳಿದ ಮಾತು ಒಂದು, ಪಾಟಿಯ ಮೇಲೆ ಬರೆಯುವ ಅಕ್ಷರ ಇನ್ನೊಂದು ಎಂಬ ಇಕ್ಕಟ್ಟಿನಲ್ಲಿ ತಲೆಮಾರುಗಳು ಕಳೆದವು. ಕಲಿಯದೆ ಉಳಿದವರ ಲೆಕ್ಕವನ್ನು ಇಟ್ಟವರಾರು?

ಇಂಥ ಸಂದರ್ಭದಲ್ಲಿ ಬೀದರ ಜಿಲ್ಲೆಯ ಭಾಲ್ಕಿ ಹಿರೇಮಠ ಸಂಸ್ಥಾನದ ಪೂಜ್ಯ ಚನ್ನಬಸವ ಪಟ್ಟದ್ದೇವರು (1889–1999) ಮಾಡಿದ ಕೆಲಸ ಆ ಭಾಗದ ಜನರ ನೆನಪಿನಲ್ಲಿ ಇಂದಿಗೂ ಹಸಿರಾಗಿದೆ. ಅವರು ಶಾಲೆಯ ಹೊರಗೆ ಉರ್ದು ಫಲಕವನ್ನು ತೂಗುಹಾಕಿಸಿದರು. ಒಳಗೆ ಕನ್ನಡ ಪಾಠ ನಡೆಸಿದರು. ಈ ಪ್ರಸಂಗವನ್ನು ಸಭೆಗಳಲ್ಲಿ ಹೇಳುವಾಗ ಕೇಳುಗರು ಮುಗುಳ್ನಗುವುದುಂಟು, ಅದೊಂದು ಚತುರ ಉಪಾಯವೆಂಬಂತೆ. ಆದರೆ ಅದರ ಹಿಂದಿನ ಅಪಾಯವನ್ನು ಊಹಿಸಿಕೊಳ್ಳಬೇಕು. ತಪಾಸಣೆಗೆ ಬಂದ ಅಧಿಕಾರಿ ಬಾಗಿಲಿನಿಂದ ಒಳಗೆ ಹೆಜ್ಜೆಯಿಟ್ಟರೆ ಶಾಲೆಯೇ ಮುಚ್ಚಿಹೋಗುವ ಭಯ. ಹತ್ತು ವರ್ಷದ ಹುಡುಗನೂ ಗುಟ್ಟನ್ನು ಕಾಯಬೇಕಾದ ಪರಿಸ್ಥಿತಿ. ‘ಅ ಆ ಇ ಈ’ ಎಂದು ಗಟ್ಟಿಯಾಗಿ ಹೇಳುವುದೇ ಸಾಹಸವಾಗಿದ್ದ ಕಾಲವದು. ಇಂದು ಯಾವ ಮಗುವೂ ಆ ಅಕ್ಷರಗಳನ್ನು ಹೇಳುವಾಗ ಬಾಗಿಲ ಕಡೆ ನೋಡುವುದಿಲ್ಲ. ಸ್ವಾತಂತ್ರ್ಯದ ಅರ್ಥವನ್ನು ಇದಕ್ಕಿಂತ ಸರಳವಾಗಿ ವಿವರಿಸುವುದು ಕಷ್ಟ.

ಇಲ್ಲಿ ಒಂದು ಮಾತನ್ನು ಸ್ಪಷ್ಟಪಡಿಸುವುದು ನ್ಯಾಯ. ಅಪರಾಧ ಉರ್ದುವಿನದಲ್ಲ, ಅದನ್ನು ಆಡುವವರದೂ ಅಲ್ಲ. ಉರ್ದು ಮಾಧ್ಯಮದಲ್ಲಿ ಓದಿಯೇ ಸಿದ್ದಯ್ಯ ಪುರಾಣಿಕರಂಥವರು ಕನ್ನಡದ ಹಿರಿಯ ಕವಿಗಳಾದರು. ‘ಇಮ್ರೋಜ್’ ಎಂಬ ಉರ್ದು ಪತ್ರಿಕೆಯ ಸಂಪಾದಕ ಶೋಯಬುಲ್ಲಾ ಖಾನರು, ಸಂಸ್ಥಾನವು ಭಾರತವನ್ನು ಸೇರಬೇಕೆಂದು ನಿರ್ಭಯವಾಗಿ ಬರೆದ ಕಾರಣಕ್ಕೆ, 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲಿ ಕೊಲೆಯಾದರು. ಬರೆದ ಕೈಯನ್ನೇ ಕತ್ತರಿಸಿದ ಆ ಕ್ರೌರ್ಯಕ್ಕೆ ಗುರಿಯಾದವರು ಉರ್ದುವಿನಲ್ಲಿ ಬರೆದ ಮುಸಲ್ಮಾನರು ಎಂಬುದನ್ನು ಮರೆತು ಈ ಇತಿಹಾಸವನ್ನು ಹೇಳುವವರು ಅರ್ಧ ಇತಿಹಾಸವನ್ನಷ್ಟೇ ಹೇಳುತ್ತಾರೆ.

ಹೋರಾಟದ ವೃತ್ತಾಂತ ಬಹುಮಟ್ಟಿಗೆ ತಿಳಿದದ್ದೇ. ಒಂದು ಕಾಲಕ್ಕೆ ಹಿಪ್ಪರಗಾದ ರಾಷ್ಟ್ರೀಯ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಸ್ವಾಮಿ ರಮಾನಂದ ತೀರ್ಥರು ಮುಂದಾಳಾದರು. ಆಳವಂಡಿಯ ಶಿವಮೂರ್ತಿಸ್ವಾಮಿಯವರೇ ಮೊದಲಾದವರು ಈ ಭಾಗದಲ್ಲಿ ಜನರನ್ನು ಸಂಘಟಿಸಿದರು. ಮುಂಡರಗಿ, ಗಜೇಂದ್ರಗಡ ಮುಂತಾದ ಗಡಿಯೂರುಗಳಲ್ಲಿ ಶಿಬಿರಗಳು ಎದ್ದವು. ರಜಾಕಾರರ ಹಾವಳಿಯಿಂದ ಸಾವಿರಾರು ಕುಟುಂಬಗಳು ಗುಳೆ ಎದ್ದು ಗಡಿ ದಾಟಿದವು. 1948ರ ಮೇ ತಿಂಗಳಿನಲ್ಲಿ ಬೀದರ ಜಿಲ್ಲೆಯ ಗೋರ್ಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡ ಅಲ್ಲಿನ ಮನೆತನಗಳ ನೆನಪಿನಿಂದ ಅಳಿದಿಲ್ಲ. ಸೆಪ್ಟೆಂಬರ್ 13ರಂದು ಭಾರತದ ಸೇನೆ ಪ್ರವೇಶಿಸಿತು. 17ರಂದು ನಿಜಾಮರ ಪಡೆ ಶರಣಾಯಿತು. ಆ ವಿಮೋಚನೆಯ ಬೆನ್ನಿಗೇ ನಡೆದುದನ್ನೂ ಹೇಳಬೇಕು. ಬೀದರ, ಗುಲ್ಬರ್ಗಾ, ಉಸ್ಮಾನಾಬಾದ್, ನಾಂದೇಡ ಜಿಲ್ಲೆಗಳಲ್ಲಿ ನಿರಪರಾಧಿ ಮುಸಲ್ಮಾನರು ಬಹುಸಂಖ್ಯೆಯಲ್ಲಿ ಹತರಾದರೆಂದು ಭಾರತ ಸರಕಾರವೇ ಕಳುಹಿಸಿದ ಪಂಡಿತ ಸುಂದರಲಾಲರ ಸಮಿತಿ ವರದಿ ಕೊಟ್ಟಿತು. ಆ ವರದಿ ದಶಕಗಳ ಕಾಲ ಪ್ರಕಟವಾಗದೆ ಉಳಿಯಿತು. ಸೆಪ್ಟೆಂಬರ್ 17ರ ಧ್ವಜಾರೋಹಣದಲ್ಲಿ ಗೋರ್ಟಾದ ಹೆಸರನ್ನು ಹೇಳುವ ಶಾಲೆಯು ಇದನ್ನೂ ಹೇಳುವಷ್ಟು ಧೈರ್ಯ ತಾಳಿದರೆ ಮಾತ್ರ ಮಕ್ಕಳಿಗೆ ಸತ್ಯವನ್ನು ಕಲಿಸಿದಂತಾಗುತ್ತದೆ.

1950ರ ಜನವರಿ 26ರಂದು ಸಂವಿಧಾನ ಜಾರಿಗೆ ಬಂದಿತು. ಅದರ 19ನೆಯ ಅನುಚ್ಛೇದವು ಮಾತನಾಡುವ, ಶಾಂತಿಯಿಂದ ಸಭೆ ಸೇರುವ, ಸಂಘ ಕಟ್ಟುವ, ದೇಶದಲ್ಲಿ ಎಲ್ಲಿ ಬೇಕಾದರೂ ಸಂಚರಿಸುವ ಮತ್ತು ನೆಲೆಸುವ ಹಕ್ಕುಗಳನ್ನು ನಾಗರಿಕನ ಕೈಗಿತ್ತಿತು. ಗಸ್ತಿ ನಿಶಾನ್ 53ರ ನೆರಳಿನಲ್ಲಿ ಬಾಳಿದವರು ಆ ಸಾಲುಗಳನ್ನು ಓದಿಸಿ ಕೇಳಿದಾಗ ಅವರಿಗೆ ಏನೆನಿಸಿರಬಹುದು? 1952ರ ಆರಂಭದಲ್ಲಿ ಇದೇ ಪ್ರದೇಶದ ಅಕ್ಷರವಿಲ್ಲದ ಒಕ್ಕಲಿಗನೂ, ಕೂಲಿಯ ಹೆಣ್ಣುಮಗಳೂ, ಜಹಗೀರದಾರನೂ ಒಂದೇ ಬೆಲೆಯ ಒಂದೊಂದು ಮತವನ್ನು ಪೆಟ್ಟಿಗೆಗೆ ಹಾಕಿದರು. ನಾಲ್ಕೇ ವರ್ಷಗಳ ಹಿಂದೆ ಧ್ವಜ ಹಿಡಿದವನನ್ನು ಬಂಧಿಸುತ್ತಿದ್ದ ನೆಲದಲ್ಲಿ ಇದು ನಡೆಯಿತು.

ಕೈಗೆ ಬಂದ ಹಕ್ಕು ಮರಳಿ ಹೋಗಲಾರದು ಎಂಬ ನಂಬಿಕೆ ಇಪ್ಪತ್ತೈದು ವರ್ಷ ಬಾಳಿತು. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿಯ ಘೋಷಣೆಯಾಯಿತು. ಮರುದಿನ, ಸಂಸದೀಯ ಸಮಿತಿಯ ಕಾರ್ಯಕ್ಕೆಂದು ಬೆಂಗಳೂರಿಗೆ ಬಂದಿದ್ದ ಅಟಲ ಬಿಹಾರಿ ವಾಜಪೇಯಿ, ಲಾಲಕೃಷ್ಣ ಆಡವಾಣಿ ಮುಂತಾದವರು ಬಂಧಿತರಾದರು. ಪತ್ರಿಕೆಗಳಿಗೆ ಸೆನ್ಸಾರ್ ಬಂದಿತು. ಬಂಧಿತರು ಬಿಡುಗಡೆ ಕೋರಿ ಅರ್ಜಿ ಹಾಕಬಹುದೆಂದು ಕರ್ನಾಟಕವೂ ಸೇರಿದಂತೆ ಹಲವು ಉಚ್ಚ ನ್ಯಾಯಾಲಯಗಳು ಹೇಳಿದರೂ, 1976ರ ಏಪ್ರಿಲ್ 28ರಂದು ಸರ್ವೋಚ್ಚ ನ್ಯಾಯಾಲಯವು ನಾಲ್ಕು ಮತಗಳಿಗೆ ಒಂದರಂತೆ ಆ ಬಾಗಿಲನ್ನೂ ಮುಚ್ಚಿತು. ಪೋಲೀಸನೊಬ್ಬನು ಕಾನೂನು ಮೀರಿ ಪ್ರಜೆಯ ಪ್ರಾಣವನ್ನೇ ತೆಗೆದರೂ ಆ ಅವಧಿಯಲ್ಲಿ ನ್ಯಾಯಾಲಯದಲ್ಲಿ ಪರಿಹಾರವಿಲ್ಲವೆಂದು ಸರಕಾರದ ಪರ ವಕೀಲರು ಒಪ್ಪಿಕೊಂಡದ್ದು ಆ ಮೊಕದ್ದಮೆಯ ವಿಚಾರಣೆಯಲ್ಲಿಯೇ. ಭಿನ್ನಮತ ಬರೆದ ಏಕೈಕ ನ್ಯಾಯಮೂರ್ತಿ ಎಚ್. ಆರ್. ಖನ್ನಾ ಅವರು. 1977ರ ಜನವರಿಯಲ್ಲಿ ಅವರ ಹಿರಿತನವನ್ನು ಕಡೆಗಣಿಸಿ ಇನ್ನೊಬ್ಬರನ್ನು ಮುಖ್ಯ ನ್ಯಾಯಮೂರ್ತಿಯನ್ನಾಗಿ ಮಾಡಲಾಯಿತು. ಅವರು ರಾಜೀನಾಮೆ ಇತ್ತರು.

ಅದೇ ಜನವರಿಯಲ್ಲಿ ‘ಸಂಸ್ಕಾರ’ ಚಲನಚಿತ್ರದ ನಟಿ ಸ್ನೇಹಲತಾ ರೆಡ್ಡಿಯವರು ತೀರಿಕೊಂಡರು. ಅಸ್ತಮಾ ರೋಗಿಯಾಗಿದ್ದ ಅವರನ್ನು ತಿಂಗಳುಗಟ್ಟಲೆ ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಇರಿಸಿ, ಪ್ರಾಣ ಕುಂದಿದ ಮೇಲೆ ಪೆರೋಲಿನ ಮೇಲೆ ಬಿಟ್ಟಿದ್ದರು. ಹೊರಗೆ ಬಂದ ಕೆಲವೇ ದಿನಗಳಲ್ಲಿ ಸಾವು ಬಂದಿತು.

1978ರ 44ನೆಯ ತಿದ್ದುಪಡಿಯ ಮೂಲಕ, ತುರ್ತು ಪರಿಸ್ಥಿತಿಯಲ್ಲಿಯೂ 20 ಮತ್ತು 21ನೆಯ ಅನುಚ್ಛೇದಗಳ ರಕ್ಷಣೆಯನ್ನು ಅಮಾನತಿನಲ್ಲಿಡಲು ಬರದಂತೆ ಮಾಡಲಾಯಿತು. 1976ರ ತೀರ್ಪು ತಪ್ಪೆಂದು ಸರ್ವೋಚ್ಚ ನ್ಯಾಯಾಲಯವೇ ಅದನ್ನು ತಳ್ಳಿಹಾಕಿದ್ದು 2017ರ ಆಗಸ್ಟ್ 24ರಂದು, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ ಖಾಸಗಿತನದ ಮೊಕದ್ದಮೆಯಲ್ಲಿ. ಒಂದು ತಪ್ಪನ್ನು ತಿದ್ದಲು ನಲವತ್ತೊಂದು ವರ್ಷ ಹಿಡಿಯಿತು. ಸ್ನೇಹಲತಾ ಅವರಿದ್ದ ಆ ಕಾರಾಗೃಹವನ್ನು 2008ರಲ್ಲಿ ‘ಸ್ವಾತಂತ್ರ್ಯ ಉದ್ಯಾನ’ವನ್ನಾಗಿ ಪರಿವರ್ತಿಸಲಾಯಿತು. 2021ರ ಆದೇಶವೊಂದರ ಪ್ರಕಾರ ರಾಜಧಾನಿಯಲ್ಲಿ ಪ್ರತಿಭಟನೆ ನಡೆಸಬೇಕಾದವರು ಅನುಮತಿ ಪಡೆದು ಅಲ್ಲಿಯೇ ನಡೆಸಬೇಕು. ಸಂಚಾರದ ಅನುಕೂಲಕ್ಕೆ ಇದು ಅಗತ್ಯವೆಂಬ ವಾದದಲ್ಲಿ ಹುರುಳಿಲ್ಲವೆಂದಲ್ಲ. ಆದರೂ ಹಳೆಯ ಸುತ್ತೋಲೆಯನ್ನು ಬಲ್ಲವರಿಗೆ ಅದರ ನೆನಪು ಬಾರದೆ ಇರದು.

ಸರಕಾರದ ವಿಚಾರ ಹೀಗಾದರೆ, ಅನುಮತಿಯನ್ನು ಕೇಳಿಸಿಕೊಳ್ಳುವ ಇನ್ನೊಂದು ದೊರೆತನವಿದೆ. ಅದಕ್ಕೆ ಸಿಂಹಾಸನವಿಲ್ಲ, ಚಾವಡಿಕಟ್ಟೆ ಇದೆ. ಸಂವಿಧಾನದ 17ನೆಯ ಅನುಚ್ಛೇದವು ಅಸ್ಪೃಶ್ಯತೆಯನ್ನು ರದ್ದುಮಾಡಿ ಎಪ್ಪತ್ತು ವರ್ಷ ಕಳೆದ ಮೇಲೆ, 2021ರ ಸೆಪ್ಟೆಂಬರಿನಲ್ಲಿ, ಕೊಪ್ಪಳ ಜಿಲ್ಲೆಯ ಮಿಯಾಪುರದಲ್ಲಿ ದಲಿತ ಕುಟುಂಬದ ಪುಟ್ಟ ಮಗುವೊಂದು ಮಳೆಯಲ್ಲಿ ಹನುಮಂತನ ಗುಡಿಯೊಳಗೆ ಓಡಿತು. ಗುಡಿಯ ಶುದ್ಧೀಕರಣಕ್ಕೆಂದು ತಂದೆತಾಯಿಗಳಿಂದ 25,000 ರೂಪಾಯಿ ದಂಡ ಕೇಳಲಾಯಿತು. ನಿಜಾಮರ ಆಳ್ವಿಕೆಯಿಂದ ಬಿಡುಗಡೆಗೊಂಡ ಜಿಲ್ಲೆಯಲ್ಲಿಯೇ, ವಿಮೋಚನಾ ದಿನವನ್ನು ಆಚರಿಸುವ ತಿಂಗಳಿನಲ್ಲಿಯೇ ನಡೆದ ಘಟನೆಯಿದು. ಆ ಮಗುವಿನ ಪಾಲಿಗೆ 1948ರ ಸೆಪ್ಟೆಂಬರ್ 17 ಇನ್ನೂ ಬಂದಿರಲಿಲ್ಲ. ಭಾಲ್ಕಿಯ ಪಟ್ಟದ್ದೇವರು ತಮ್ಮ ಪ್ರಸಾದನಿಲಯದಲ್ಲಿ ದಲಿತ ಮಕ್ಕಳನ್ನೂ ಸೇರಿಸಿಕೊಂಡಾಗ ಎದುರಿಸಿದ ವಿರೋಧವು ಸಂಸ್ಥಾನದ ಅಧಿಕಾರಿಗಳಿಂದ ಬಂದದ್ದಲ್ಲ, ಸ್ವಜನರಿಂದಲೇ ಬಂದದ್ದು. ದಾಸೋಹದ ಪಂಕ್ತಿಯ ಬಗ್ಗೆ ಹೆಮ್ಮೆಪಡುವ ಸಂಸ್ಥೆಗಳು ಈ ಎರಡು ಪ್ರಸಂಗಗಳನ್ನೂ ಒಟ್ಟಿಗೆ ನೆನೆಯಬೇಕು.

ತರಗತಿಯ ಕೋಣೆಯೂ ಇದಕ್ಕೆ ಹೊರತಲ್ಲ. ಸಭೆ ಸೇರುವ, ಮಾತನಾಡುವ ಹಕ್ಕುಗಳನ್ನು ಪೌರನೀತಿಯ ಪಾಠದಲ್ಲಿ ಬಾಯಿಪಾಠ ಮಾಡಿಸುವ ಗುರುಗಳೇ, ವಿದ್ಯಾರ್ಥಿ ಎದ್ದುನಿಂತು ‘ಇದು ಹೀಗೇಕೆ ಗುರುಗಳೇ?’ ಎಂದು ಕೇಳಿದರೆ ‘ಕುಳಿತುಕೋ’ ಎನ್ನುವುದು ಅಪರೂಪವಲ್ಲ. ಶಿಸ್ತು ಬೇಡವೆಂದು ಯಾರೂ ಹೇಳುವುದಿಲ್ಲ. ಆದರೆ ಹತ್ತು ವರ್ಷ ಪ್ರಶ್ನೆ ಕೇಳದೆ ಕುಳಿತವನು ಹನ್ನೊಂದನೆಯ ವರ್ಷ ನಾಗರಿಕನಾಗಿ ಏಳುವನೆಂದು ನಿರೀಕ್ಷಿಸುವುದು ಬಿತ್ತದ ಹೊಲದಲ್ಲಿ ರಾಶಿ ಮಾಡಹೊರಟಂತೆ.

ಇನ್ನು ಭಾಷೆಯ ವಿಷಯ. 1994ರಲ್ಲಿ ಕರ್ನಾಟಕ ಸರಕಾರವು ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯೇ ಮಾಧ್ಯಮವಾಗಬೇಕೆಂದು ಆದೇಶ ಹೊರಡಿಸಿತು. ಕನ್ನಡ ಮಾಧ್ಯಮಕ್ಕೆಂದು ಮಾನ್ಯತೆ ಪಡೆದು ಇಂಗ್ಲಿಷಿನಲ್ಲಿ ಪಾಠ ನಡೆಸುತ್ತಿದ್ದ ಶಾಲೆಗಳ ಮೇಲೆ 2006-07ರ ಸುಮಾರಿಗೆ ಕ್ರಮ ಜರುಗಿಸಲು ಹೊರಟಾಗ, ಅಂಥ ಶಾಲೆಗಳ ಸಂಖ್ಯೆ ಕಂಡು ನಾಡು ಬೆರಗಾಯಿತು. ಹೊರಗೆ ಕನ್ನಡ ಫಲಕ, ಒಳಗೆ ಇಂಗ್ಲಿಷು! ಭಾಲ್ಕಿಯ ಉಪಾಯವು ತಲೆಕೆಳಗಾಗಿ ಮರಳಿ ಬಂದಿತ್ತು. 2014ರ ಮೇ 6ರಂದು ಸರ್ವೋಚ್ಚ ನ್ಯಾಯಾಲಯದ ಸಂವಿಧಾನ ಪೀಠವು, ಮಗುವಿನ ಮಾಧ್ಯಮವನ್ನು ಆಯ್ದುಕೊಳ್ಳುವುದು 19ನೆಯ ಅನುಚ್ಛೇದದ ವಾಕ್ ಸ್ವಾತಂತ್ರ್ಯದಲ್ಲಿಯೇ ಅಡಗಿದೆ, ಸರಕಾರ ಅದನ್ನು ಹೇರಲು ಬಾರದು ಎಂದು ತೀರ್ಮಾನಿಸಿತು. ಅನೇಕ ಕನ್ನಡಿಗರಿಗೆ ಈ ತೀರ್ಪು ನೋವುಂಟುಮಾಡಿತು. ಆದರೆ ಉರ್ದುವನ್ನು ಹೇರಿದ್ದು ತಪ್ಪಾಗಿದ್ದರೆ, ಅದು ತಪ್ಪಾದದ್ದು ಹೇರಿದ್ದರಿಂದ. ಆ ನ್ಯಾಯವನ್ನು ಒಪ್ಪಿದವರು ಈ ತೀರ್ಪಿನ ತಿರುಳನ್ನು ನಿರಾಕರಿಸುವುದು ಸುಲಭವಲ್ಲ. ಉಳಿದಿರುವುದು ಆಯ್ಕೆಯ ಮಾತು: ಯಾವ ಭಾಷೆಗಾಗಿ ಹಿರಿಯರು ಶಾಲೆಯನ್ನೇ ಒತ್ತೆಯಿಟ್ಟರೋ ಅದನ್ನು, ಯಾರೂ ಬಲವಂತಪಡಿಸದೆ ಇರುವಾಗ, ಇಂದಿನವರು ತಾವಾಗಿಯೇ ಬಿಟ್ಟುಕೊಡುತ್ತಿದ್ದಾರೆ. ಶಾಲೆಗೆ ಹೊಸ ಕಟ್ಟಡ ಕಟ್ಟಿಸಿಕೊಡುವ ದಾನಿಗಳು, ಅದರ ಯಾವ ಕೋಣೆಯಲ್ಲಿ ಕನ್ನಡ ಮಾಧ್ಯಮದ ಮಕ್ಕಳು ಕೂಡುತ್ತಾರೆ ಎಂದು ಒಮ್ಮೆ ಕೇಳುವುದು ಅನುಚಿತವಾಗದು.

2019ರಲ್ಲಿ ಈ ಪ್ರದೇಶಕ್ಕೆ ಕಲ್ಯಾಣ ಕರ್ನಾಟಕವೆಂಬ ಹೆಸರು ಬಂದಿತು. ಹೆಸರಿನಲ್ಲಿ ಉಳಿದಿದ್ದ ಹೈದರಾಬಾದಿನ ಗುರುತು ಹೋಯಿತು. 1948ರಲ್ಲಿ ಹತ್ತು ವರ್ಷದವರಾಗಿದ್ದವರಿಗೆ ಈಗ ತೊಂಬತ್ತರ ಹತ್ತಿರದ ವಯಸ್ಸು; ಬಾಯಿಂದ ಕೇಳಿ ಬರೆದುಕೊಳ್ಳಬಹುದಾದ ಕಾಲ ಇನ್ನು ಹೆಚ್ಚಿಲ್ಲ. ಈ ಭಾಗದ ಹಳೆಯ ಶಾಲೆಗಳ ಬೀರುಗಳಲ್ಲಿ ಮಾತ್ರ ಆ ಕಾಲದ ದಾಖಲಾತಿ ಪುಸ್ತಕಗಳು ಕೆಲವೆಡೆ ಉಳಿದಿರಬಹುದು: ಉರ್ದು ಲಿಪಿಯಲ್ಲಿ ಬರೆದ ಕನ್ನಡ ಮಕ್ಕಳ ಹೆಸರುಗಳು, ಕ್ರಿಸ್ತಶಕಕ್ಕಿಂತ ಸುಮಾರು 590 ವರ್ಷ ಹಿಂದಿರುವ ಫಸಲಿ ಇಸವಿಗಳು. ಆ ಪುಸ್ತಕಗಳನ್ನು ಗೆದ್ದಲಿಗೆ ಬಿಡದೆ ಹೊರತೆಗೆದು, ಪ್ರೌಢಶಾಲೆಯ ಮಕ್ಕಳ ಮುಂದಿಟ್ಟು, ಓದಿ ಕನ್ನಡಕ್ಕೆ ಇಳಿಸುವ ಕೆಲಸವನ್ನು ಶಿಕ್ಷಕರು ಈ ವರ್ಷವೇ ಕೈಗೊಳ್ಳಬಹುದು. ಅದಕ್ಕೆ ಯಾರ ಅಪ್ಪಣೆಯೂ ಬೇಕಾಗಿಲ್ಲ. ಆ ಲಿಪಿಯನ್ನು ಓದಬಲ್ಲ ಹಿರಿಯರು ಹಲವು ಊರುಗಳಲ್ಲಿ, ಮಸೀದಿಯ ಓಣಿಯಲ್ಲಿಯೂ ಮಠದ ಓಣಿಯಲ್ಲಿಯೂ, ಇನ್ನೂ ಇದ್ದಾರೆ.